ಉರಿ ಆರಿದ ಮೇಲೆ

ಶಿರಸಿಯ ದೇವಿಕೆರೆ ಹತ್ತಿರದ ಒಂದು ಪ್ರೆಸ್ಸಿನಲ್ಲಿ ಗಂಗೆ ಇಪ್ಪತ್ತೆರಡು ವರ್ಷ ಟೈಪು ಮಾಡಿದಳು. ಕಾನಸೂರಿನಿಂದ ಬೆಳಗಿನ ಬಸ್ಸಿಗೆ ಬಂದು ಕಂಪ್ಯೂಟರ್ ಮುಂದೆ ಕೂತರೆ ಸಂಜೆ ಬಸ್ಸಿನ ಹೊತ್ತಿಗೇ ಏಳುವುದು. ಮದುವೆ ಕಾಗದ, ಯಕ್ಷಗಾನದ ಹ್ಯಾಂಡ್‌ಬಿಲ್ಲು, ಸೊಸೈಟಿಯ ವರದಿ, ತೀರಿಕೊಂಡವರ ಕಾರ್ಡು. ಯಾರ ಹೆಸರಿನಲ್ಲೂ ಒಂದು ಒತ್ತಕ್ಷರ ತಪ್ಪುತ್ತಿರಲಿಲ್ಲ. ಮಂಚಿಕೇರಿಯಿಂದ ಬಂದವರೂ ಬಾಗಿಲಲ್ಲೇ ನಿಂತು "ಗಂಗಕ್ಕ ಇದ್ದಾಳಾ?" ಎಂದು ಕೇಳುವರು. ಇಲ್ಲವೆಂದರೆ ನಾಳೆ ಬರುತ್ತೇವೆಂದು ತಿರುಗಿ ಹೋಗುವರು. ಹತ್ತನೇ ಕ್ಲಾಸಿಗೇ ಶಾಲೆ ಬಿಟ್ಟ, ಗದ್ದೆ ಕೆಲಸದವರ ಮನೆಯ ಹೆಣ್ಣಿಗೆ ಅದೇನು ಸಣ್ಣ ಹೆಮ್ಮೆಯಲ್ಲ.

ನಲವತ್ತು ದಾಟಿದ ಮೇಲೆ ಕಣ್ಣು ಉರಿಯತೊಡಗಿತು. ಮಧ್ಯಾಹ್ನಕ್ಕೆ ರೆಪ್ಪೆಯೊಳಗೆ ಮರಳು ಬಿದ್ದ ಹಾಗೆ, ಸಂಜೆಗೆ ಹಣೆಯೆಲ್ಲ ಸಿಡಿತ. ತಾಯಿ ದುರ್ಗಮ್ಮ ನಂದಿಬಟ್ಟಲ ಹೂವನ್ನು ನೀರಲ್ಲಿ ನೆನೆಸಿ, ಮುಚ್ಚಿದ ಕಣ್ಣಿನ ಮೇಲೆ ಎಸಳಿಟ್ಟು, "ಆ ಪೆಟ್ಟಿಗೆ ನಿನ್ನ ಕಣ್ಣು ತಿಂತದೆ ಮಗಾ" ಅನ್ನುತ್ತಿದ್ದಳು. ಕೊನೆಗೆ ಪ್ರೆಸ್ಸಿನ ಯಜಮಾನ ಕಿಶೋರನೇ ಅವಳನ್ನು ಆಯುರ್ವೇದದ ಡಾಕ್ಟರು ಶ್ರೀಲಕ್ಷ್ಮಿಯವರ ಹತ್ತಿರ ಕಳಿಸಿದ.

"ಕೆಲಸ ಮಾಡುವಾಗ ರೆಪ್ಪೆ ಬಡೀತೀಯಾ?" ಎಂದು ಕೇಳಿದರು ಶ್ರೀಲಕ್ಷ್ಮಿ.

ಗಂಗೆಗೆ ನಗು ಬಂತು. "ಅದನ್ನೆಲ್ಲ ಯಾರಾದ್ರೂ ನೋಡ್ಕೊಂಡು ಕೂರ್ತಾರಾ ಅಮ್ಮಾ?"

"ನೀನು ನೋಡ್ಕೋಬೇಕು. ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಕಿಟಕಿಯಾಚೆ ದೂರ ನೋಡು. ಪರದೆಯ ಬೆಳಕು ಕಮ್ಮಿ ಮಾಡು. ಬಸ್ಸಲ್ಲಿ ಮೊಬೈಲು ಬೇಡ. ಮಲಗುವಾಗ ಅಂಗಾಲಿಗೆ ಎಳ್ಳೆಣ್ಣೆ ತಿಕ್ಕು."

ಏಳು ದಿನ ನೇತ್ರತರ್ಪಣವೂ ಆಯಿತು. ಕಣ್ಣಿನ ಸುತ್ತ ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ, ಉಗುರುಬೆಚ್ಚಗಿನ ಔಷಧದ ತುಪ್ಪ ಹೊಯ್ದು, ಅದರೊಳಗೆ ಮೆಲ್ಲಗೆ ಕಣ್ಣು ತೆರೆದು ಮುಚ್ಚಲು ಹೇಳುತ್ತಿದ್ದರು. ಲೋಕವೆಲ್ಲ ಹಳದಿಯಾಗಿ ಮಸುಕಾಗುತ್ತಿತ್ತು. ಓದಲು ಏನೂ ಇಲ್ಲ, ತಿದ್ದಲು ಏನೂ ಇಲ್ಲ. ಹಾಗೆ ಸುಮ್ಮನೆ ಮಲಗಿ ಎಷ್ಟು ವರ್ಷವಾಯಿತೋ ಅವಳಿಗೇ ನೆನಪಿರಲಿಲ್ಲ. ಉರಿ ದಿನದಿಂದ ದಿನಕ್ಕೆ ಇಳಿಯಿತು.

ಏಳನೇ ದಿನ ಶ್ರೀಲಕ್ಷ್ಮಿ ಬಲಗಡೆಯಿಂದ ನೀರಿನ ಲೋಟ ಚಾಚಿದರು. ಗಂಗೆಗೆ ಅದು ಕಾಣಲೇ ಇಲ್ಲ. ಎದ್ದವಳ ಮೊಣಕೈ ತಾಗಿ ಲೋಟ ಉರುಳಿತು. ವೈದ್ಯೆಯ ಮುಖ ಬದಲಾಯಿತು. ಮತ್ತೆ ಕೂರಿಸಿ, ಒಂದೊಂದೇ ಕಣ್ಣು ಮುಚ್ಚಿಸಿ, ಪಕ್ಕದಲ್ಲಿ ಬೆರಳು ಆಡಿಸಿ ನೋಡಿದರು.

"ಗಂಗೇ, ಆಯಾಸ, ಉರಿ ನನ್ನ ತುಪ್ಪಕ್ಕೆ ಇಳೀತದೆ. ಇದು ಅದಲ್ಲ. ಕಣ್ಣಿನೊಳಗಿನ ಒತ್ತಡ ಪರೀಕ್ಷೆ ಆಗ್ಬೇಕು. ಈ ವಾರವೇ ಹುಬ್ಬಳ್ಳಿಗೆ ಹೋಗು" ಎಂದು ಚೀಟಿ ಬರೆದುಕೊಟ್ಟರು.

ಹೋಗುವವಳೇ. ಆದರೆ ಆ ವಾರವೇ ದುರ್ಗಮ್ಮ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ತಾಯಿಯನ್ನು ಎತ್ತಿ ಕೂರಿಸುವುದು, ಮೀಯಿಸುವುದು, ಮತ್ತೆ ಓಡಿ ಬಸ್ಸು ಹಿಡಿಯುವುದು. ಶ್ರೀಲಕ್ಷ್ಮಿ ಎರಡು ಸಲ ಫೋನು ಮಾಡಿದರು. "ಈಗ ಉರಿಯೇ ಇಲ್ಲ ಅಮ್ಮಾ, ಚೆಂದ ಕಾಣ್ತದೆ" ಅಂದಳು ಗಂಗೆ. ಸುಳ್ಳೇನಲ್ಲ. ಎದುರಿನದು ಚೆಂದವೇ ಕಾಣುತ್ತಿತ್ತು. ಹೋಗುತ್ತಿದ್ದದ್ದು ಅಂಚಿನಿಂದ, ಸದ್ದಿಲ್ಲದೆ. ಚಳಿಗಾಲದಲ್ಲಿ ದುರ್ಗಮ್ಮ ತೀರಿಕೊಂಡಳು.

ಅದಾಗಿ ಎರಡು ತಿಂಗಳಿಗೆ ಬನವಾಸಿಯಿಂದ ಬೀರ ಎಂಬವನು ಪ್ರೆಸ್ಸಿಗೆ ಬಂದ. ತೀರಿಕೊಂಡ ಅವನ ತಂದೆ ಕೆರಿಯಪ್ಪನ ಕಾರ್ಡನ್ನು ಗಂಗೆಯೇ ಮಾಡಿದ್ದಳು.

"ಅಕ್ಕಾರ, ನಮ್ಮ ಅವ್ವನ ಹೆಸರ ಇಲ್ಲಲ್ರಿ" ಅಂದ ಅವನು, ಮೆತ್ತಗೆ. "ಅಕಿ ಒಬ್ಬಾಕಿದ ಬಿಟ್ಟೈತ್ರಿ."

ಗಂಗೆ ಅವನು ಬರೆದುಕೊಟ್ಟಿದ್ದ ಹಾಳೆ ಹುಡುಕಿ ತೆಗೆದಳು. "ಎಲ್ಲಿದೆ, ತೋರ್ಸು." ಬಲ ಅಂಚಿನಲ್ಲಿ ಅಡ್ಡಕ್ಕೆ ಬರೆದದ್ದರ ಮೇಲೆ ಅವನು ಬೆರಳಿಟ್ಟ. ಬೆರಳೂ ಕಾಣಲಿಲ್ಲ. ಕತ್ತು ಪೂರ್ತಿ ತಿರುಗಿಸಿದ ಮೇಲೆ ಹೆಸರು ಕಂಡಿತು.

ಮರುದಿನವೇ ಹುಬ್ಬಳ್ಳಿಯ ಕಣ್ಣಿನ ಆಸ್ಪತ್ರೆಗೆ ಹೋದಳು. ಕಣ್ಣಿನ ಒತ್ತಡಕ್ಕೆ ನರ ಸಾಯುವ ಗ್ಲಾಕೋಮಾ ಎಂದರು. ಬಲಗಣ್ಣಿನ ನರ ಬಹುಪಾಲು ಹೋಗಿದೆ, ಎಡದ್ದು ಅರ್ಧ. ಹೋದದ್ದು ಬರುವುದಿಲ್ಲ, ಇದ್ದದ್ದನ್ನು ಹನಿ ಹಾಕಿ ಉಳಿಸಿಕೊಳ್ಳಬೇಕು.

"ಕಂಪ್ಯೂಟರ್ ನೋಡಿ ಬಂತಾ?" ಎಂದು ಕೇಳಿದಳು.

"ಅದರಿಂದಲ್ಲ. ಇದು ಮನೆತನದಲ್ಲಿ ಬರುವುದುಂಟು. ಮನೆಯಲ್ಲಿ ಯಾರಿಗಾದರೂ ಇತ್ತಾ?"

ಅಪ್ಪ ಕಡೆಗಾಲದಲ್ಲಿ ಗೋಡೆ ಮುಟ್ಟಿಕೊಂಡು ನಡೆಯುತ್ತಿದ್ದ. ವಯಸ್ಸಾಯಿತು ಎಂದಷ್ಟೇ ಎಲ್ಲರೂ ತಿಳಿದಿದ್ದರು.

ಸುದ್ದಿ ಕೇಳಿ ಶ್ರೀಲಕ್ಷ್ಮಿ ಕಾನಸೂರಿನವರೆಗೂ ಬಂದರು. ಜಗಲಿಯಲ್ಲಿ ಕೂತು ಹುಬ್ಬಳ್ಳಿಯವರು ಕೊಟ್ಟ ಚೀಟಿ ಓದಿದರು. "ಕೈ ಹಿಡ್ದು ನಾನೇ ಕರ್ಕೊಂಡು ಹೋಗ್ಬೇಕಿತ್ತು" ಅಂದರು ಕೊನೆಗೆ.

"ನೀವು ಹೇಳ್ಲಿಲ್ವಾ ಅಮ್ಮಾ? ಉರಿ ಇದ್ದಿದ್ರೆ ಹೋಗಿರ್ತಿದ್ದೆ" ಎಂದಳು ಗಂಗೆ, ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಯುಗಾದಿಗೆ ಮುಂಚೆ ಅವಳು ಪ್ರೆಸ್ಸು ಬಿಟ್ಟಳು. ಕಿಶೋರ ತಡೆದ, ತಪ್ಪು ಅಕ್ಷರ ಹೊರಗೆ ಕಳಿಸಲಾರೆ ಎಂದಳು. ಈಗ ಪೇಟೆಗೆ ಒಬ್ಬಳೇ ಹೋಗುವುದಿಲ್ಲ. ಆದರೆ ಮೊನ್ನೆ ಯಲ್ಲಾಪುರದಲ್ಲಿರುವ ಅಣ್ಣ ಗಣಪನ ಮನೆಗೆ, ದಾರಿಯಲ್ಲಿ ಅವರಿವರನ್ನು ಕೇಳಿಕೊಂಡು, ಒಬ್ಬಳೇ ಹೋಗಿ ಬಾಗಿಲಲ್ಲಿ ನಿಂತಳು. ಕಣ್ಣು ತೋರಿಸಲು ಹೊರಡು ಎಂದಳು.

"ನಂಗೆಂತ ಆಗಿದೆ? ಎಲ್ಲ ಸರಿ ಕಾಣ್ತದಲ್ಲ" ಅಂದ ಗಣಪ.

"ನಂಗೂ ಕಾಣ್ತಿತ್ತು ಅಣ್ಣಾ."

ಅವನು ಅಂಗಿ ಹಾಕಿಕೊಂಡು ಬಂದು, ತಂಗಿಯ ಬಲಗಡೆ ನಿಂತು, ಕೈ ಹಿಡಿದುಕೊಂಡ.