ಅಪ್ಪ ಫ್ರಾನ್ಸಿನ ಸರದಾರನಾದ ದಿನ

ಕೊಪ್ಪಳ ಜಿಲ್ಲೆಯಾಗಿ ಕೆಲವು ವರ್ಷ ಕಳೆದಿದ್ದವು. ತಾವರಗೇರಾ ಸಮೀಪದ ಹೈಸ್ಕೂಲಿನಲ್ಲಿ ನನಗೆ ಇತಿಹಾಸ ಕಲಿಸುವ ನೌಕರಿ ಸಿಕ್ಕಿತು. ನಮ್ಮ ಮನೆತನದಲ್ಲಿ ಸರಕಾರಿ ಪಗಾರ ತಂದವಳು ನಾನೇ ಮೊದಲು. ಅಪ್ಪ ಹೊಲಗೆಲಸದ ಕೂಲಿ. ಸುಗ್ಗಿ ಮುಗಿದರೆ ದೊಡ್ಡಾಟದಲ್ಲಿ ವೇಷ ಕಟ್ಟುತ್ತಿದ್ದ. ಕಿರೀಟ, ಭುಜಕೀರ್ತಿ ಹಾಕಿಕೊಂಡು ಅವನು ಹೆಜ್ಜೆಯಿಟ್ಟರೆ ಹಲಗೆಯ ಅಟ್ಟ ಅದುರುತ್ತಿತ್ತು.

ಒಂದು ಸಂಜೆ ಕಟ್ಟೆಯ ಮೇಲೆ ಕುಳಿತು ಮರುದಿನದ ಪಾಠವನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ಜೆರುಸಲೇಮಿಗಾಗಿ ಯುರೋಪಿನ ಕ್ರೈಸ್ತರು ಮಾಡಿದ ಯುದ್ಧಗಳ ಪಾಠ. ಅದರ ಜೊತೆಗೆ ಕಾಲೇಜಿನಲ್ಲಿ ಓದಿದ್ದ ಒಬ್ಬ ಫ್ರೆಂಚ್ ಸರದಾರನ ಬಾಳನ್ನೂ ಹೇಳಬೇಕೆಂದಿದ್ದೆ. ಹರೆಯದಲ್ಲೇ ಕೋಟೆ, ಎಳೆಯ ಮಕ್ಕಳನ್ನು ಬಿಟ್ಟು ಅವನು ತನ್ನ ಅರಸನ ಹಿಂದೆ ಹಡಗು ಹತ್ತಿದ. ಈಜಿಪ್ಟಿನಲ್ಲಿ ರೋಗ ಬಂದು ದಂಡು ಕರಗಿತು, ಅವನು ಸೆರೆಸಿಕ್ಕ. ಬಿಡುಗಡೆಯಾಗಿ, ವರ್ಷಗಳ ಮೇಲೆ ಊರಿಗೆ ಬಂದರೆ, ಅವನಿಲ್ಲದ ಹೊತ್ತಿನಲ್ಲಿ ಅರಸನ ಅಧಿಕಾರಿಗಳು ಅವನ ರೈತರನ್ನು ಹಿಂಡಿ ಹಾಕಿದ್ದರು. ಮುಂದೆ ಅರಸ ಮತ್ತೆ ದಂಡಯಾತ್ರೆಗೆ ಕರೆದಾಗ ಆತ ಹೋಗಲಿಲ್ಲ.

ಕುಡುಗೋಲು ಮಸೆಯುತ್ತಿದ್ದ ಅಪ್ಪ ಕೈ ನಿಲ್ಲಿಸಿದ.

"ಅರಸಗ ಒಲ್ಲೆ ಅಂದ್ನ?"

"ಹೂಂ ಅಪ್ಪಾ. ನನ್ನ ಮಂದೀನ ಬಿಟ್ಟು ಬರೂದಿಲ್ಲ ಅಂದ."

"ಅರಸ ಏನಾದ?"

"ಹೋದಲ್ಲೇ ಬ್ಯಾನಿ ಬಂದು ತೀರಿಕೊಂಡ. ಈ ಸರದಾರ ಹಣ್ಣು ಮುದುಕ ಆಗೋತನಕ ಬಾಳಿದ."

ಅಪ್ಪ ಕುಡುಗೋಲು ಕೆಳಗಿಟ್ಟ. "ಇಷ್ಟು ವರ್ಸ ಬರೇ ತಲಿ ಕಡಿಯೋ ಪಾತ್ರ ಮಾಡೀನಿ. ಇಂಥಾದ್ದು ನನಗ ಯಾರೂ ಕೊಟ್ಟಿಲ್ಲ ನೋಡವ್ವ."

ಆ ವರ್ಷದ ಶಾಲಾ ಗ್ಯಾದರಿಂಗಿಗೆ, ಅಂದರೆ ವಾರ್ಷಿಕೋತ್ಸವಕ್ಕೆ, ನಾವು ಅದನ್ನೇ ಆಟ ಮಾಡಿದೆವು. ಹೆಡ್‌ಮಾಸ್ತರರು ಮೊದಲು ಅನುಮಾನಿಸಿದರು: "ನಮ್ಮ ಮಂದಿಗೆ ಫ್ರಾನ್ಸ್ ಯಾತಕ್ಕ ಬೇಕ್ರಿ ಮೇಡಂ?" ಅಪ್ಪನೇ ಶಾಲೆಗೆ ಬಂದು ಕಥೆಯನ್ನು ಹಾಡಿ ತೋರಿಸಿದ ಮೇಲೆ, "ಸರದಾರನ ಪಾತ್ರ ನೀವ ಮಾಡ್ರಿ ಯಜಮಾನ್ರ" ಎಂದು ಒಪ್ಪಿಕೊಂಡರು.

ಮಕ್ಕಳಿಗೆ ಕುಣಿತ ಕಲಿಸುವುದು ಅಪ್ಪನಿಗೆ ಸುಲಭವಾಯಿತು. ಕಷ್ಟವಾದದ್ದು ಕೊನೆಯ ಮಾತು. ಯುದ್ಧ ಒಲ್ಲೆ ಎನ್ನುವುದನ್ನೂ ಅವನು ಯುದ್ಧಕ್ಕೆ ಹೊರಟವನ ಹಾಗೆ ಗರ್ಜಿಸಿಯೇ ಹೇಳುತ್ತಿದ್ದ. "ಮೆತ್ತಗ ಹೇಳಪ್ಪಾ" ಎಂದರೆ, "ಮೆತ್ತಗ ಅಂದ್ರ ಅಂಜ್ಯಾನ ಅಂತಾರವ್ವ" ಎನ್ನುತ್ತಿದ್ದ.

ಗ್ಯಾದರಿಂಗಿನ ಮಧ್ಯಾಹ್ನ ಶಾಲೆಯ ಅಂಗಳ ತುಂಬಿತ್ತು. ಕಾಳಗದ ಕುಣಿತಕ್ಕೆ ಸೀಟಿಯೋ ಸೀಟಿ. ಕೊನೆಗೆ ಅರಸನ ವೇಷದ ಹತ್ತನೆಯ ತರಗತಿಯ ಹುಡುಗಿ ಕತ್ತಿಯೆತ್ತಿ, "ಸರದಾರನೇ, ಹೊರಡು!" ಎಂದಳು. ಅಪ್ಪ ಮಾತಾಡಲಿಲ್ಲ. ಮರೆತನೇನೋ ಎಂದುಕೊಂಡೆ. ಅವನು ನಿಧಾನವಾಗಿ ಸೊಂಟದ ಕತ್ತಿ ಬಿಚ್ಚಿ ಕೆಳಗಿಟ್ಟ. ನಾವು ಕಲಿತಿದ್ದ ಗ್ರಾಂಥಿಕ ಭಾಷೆಯನ್ನು ಬಿಟ್ಟು, ಮನೆಯಲ್ಲಿ ಮಾತಾಡುವಂತೆ ಹೇಳಿದ:

"ಒಮ್ಮೆ ನಿಮ್ಮ ಹಿಂದ ಬಂದೆ, ಅರಸರ. ನನ್ನ ಮಂದಿ ಹಾಳಾದ್ರು. ಈ ಸಲ ನಾ ಅವರ ಕೂಡ ಇರ್ತೀನ್ರಿ."

ಮುಂದೆ ಕುಳಿತ ಒಬ್ಬ ಹೆಂಗಸು, "ಛಲೋ ಹೇಳಿದಿ ನೋಡಣ್ಣಾ!" ಎಂದು ಕೂಗಿದಳು. ಆಮೇಲೆ ಚಪ್ಪಾಳೆ ನಿಲ್ಲಲೇ ಇಲ್ಲ.

ಹೆಡ್‌ಮಾಸ್ತರರು ಅಪ್ಪನನ್ನು ಅತಿಥಿಗಳ ಸಾಲಿನಲ್ಲಿ ಕುರ್ಚಿ ಹಾಕಿ ಕೂರಿಸಿದರು. ಯಾರ ಹೊಲದಲ್ಲಿ ಅವನು ಕೂಲಿ ಮಾಡುತ್ತಿದ್ದನೋ ಆ ಸಾವ್ಕಾರರು ಪಕ್ಕದಲ್ಲೇ ಇದ್ದರು. ಅವನನ್ನು ಯಾವಾಗಲೂ ಏಕವಚನದಲ್ಲೇ ಕರೆಯುತ್ತಿದ್ದವರು, "ಭಾಳ ಛಲೋ ಮಾಡಿದ್ರಿ" ಎಂದರು. ಅಪ್ಪ ತಲೆಬಾಗಿ ನಕ್ಕ, ಆದರೆ ಕುರ್ಚಿಯಿಂದ ಏಳಲಿಲ್ಲ.

ಮುಂದೆ ಎಷ್ಟೋ ವರ್ಷ ಕನಕಗಿರಿಯ ಸಂತೆಗೆ ಅವನ ಜೊತೆ ಹೋದಾಗಲೆಲ್ಲ ಯಾರಾದರೂ ಕರೆಯುತ್ತಿದ್ದರು: "ಫ್ರಾನ್ಸ್ ಗೌಡ್ರ, ಬರ್ರಿ, ಚಾ ಕುಡೀರಿ." ಅವನು ತಲೆಯ ಪಟಕ ಸರಿಮಾಡಿಕೊಂಡು, ನನ್ನನ್ನು ಮುಂದೆ ಮಾಡಿ ಹೇಳುತ್ತಿದ್ದ: "ಕಥಿ ಹೇಳಿಕೊಟ್ಟಾಕಿ ಈಕೀರಿ, ನನ್ನ ಮಗಳು."