ದೋಣಿಯವನ ಪಕ್ಕ ಒಂದು ಜಾಗ

ಬೆಳಕು ಹರಿಯುವ ಹೊತ್ತು. ಅಡುಗೆಮನೆಯ ಮೇಜಿನ ಮೇಲೆ ಒಂದು ಕಡೆ ಬಟಾಣಿ ರಾಶಿ, ಇನ್ನೊಂದು ಕಡೆ ಲ್ಯಾಪ್‌ಟಾಪ್. ದೋಣಿಯಕ್ಕ ಒಂದು ಸಾಲು ಟೈಪ್ ಮಾಡುತ್ತಾರೆ, ಜೋರಾಗಿ ಓದುತ್ತಾರೆ, ಕಾಯುತ್ತಾರೆ. ಬಟಾಣಿ ಬಿಡಿಸುತ್ತಿರುವ ಅವರ ಅಮ್ಮ "ಆಮೇಲೆ?" ಎಂದರೆ ಸಾಲು ಉಳಿಯಿತು. ಆಕಳಿಸಿದರೆ ಅಳಿಸಿಯಾಯಿತು.

ದೋಣಿಯಕ್ಕ ಎಂಬುದು ಸಹೋದ್ಯೋಗಿಗಳು ಇಟ್ಟ ಹೆಸರು. ವಿಡಿಯೋ ಗೇಮ್ ತಯಾರಿಸುವ ಕಂಪನಿಯಲ್ಲಿ ಇವರದು ಚಿಲ್ಲರೆ ಪಾತ್ರಗಳಿಗೆ ಮಾತು ಬರೆಯುವ ಕೆಲಸ. ರಾಜನಿಗೂ ವೀರನಿಗೂ ಬೇರೆ ದೊಡ್ಡ ಲೇಖಕರಿದ್ದಾರೆ. ದಾರಿಯಲ್ಲಿ ಸಿಗುವ ಬಡಗಿ, ಬಾವಿಕಟ್ಟೆಯ ಮುದುಕಿ, ನದಿ ದಾಟಿಸುವ ದೋಣಿಯವನು ಇವರ ಪಾಲು. ದಿನಕ್ಕೆ ನೂರರ ಹತ್ತಿರ ಸಾಲು ಬರೆಯುತ್ತಾರೆ. ಆಡುವವರು ಓದದೆ ಗುಂಡಿ ಒತ್ತಿ ಮುಂದೆ ಓಡುತ್ತಾರೆ. ಇದನ್ನು ಅವರು ನಗುತ್ತಲೇ ಹೇಳುತ್ತಾರೆ, ಅವರ ಬಗ್ಗೆ ಬರೆಯಲು ಬಂದಿರುವ ನಾನು ಬರೆದುಕೊಳ್ಳುತ್ತೇನೆ.

ಅಮ್ಮ ಒಂದು ಕಾಲದಲ್ಲಿ ವಿಪರೀತ ಓದಿನ ಹುಚ್ಚಿನವರು. ಒಲೆಯ ಮೇಲೆ ಹಾಲು ಉಕ್ಕಿದರೂ ಕಾದಂಬರಿಯಿಂದ ತಲೆ ಎತ್ತಿದವರಲ್ಲ. ಕಣ್ಣು ಮಂಜಾದ ಮೇಲೆ ಓದು ನಿಂತಿತು, ಮಾತೂ ಕಡಿಮೆಯಾಯಿತು. ಮಗಳು ಆಟದ ಕತೆ ಓದಿ ಹೇಳಿ, ಈಗ ದೋಣಿ ಹತ್ತೋದಾ, ವಾಪಸ್ ಹೋಗೋದಾ ಎಂದು ಕೇಳತೊಡಗಿದ ಮೇಲೆ ಮತ್ತೆ ಗೆಲುವಾಗಿದ್ದಾರೆ.

"ಆಗ ಓದ್ತಿದ್ದ ಕತೇಲಿ ಎಷ್ಟು ಬೈದ್ರೂ ಯಾರೂ ನನ್ನ ಮಾತು ಕೇಳ್ತಿರ್ಲಿಲ್ಲ. ಇದರಲ್ಲಿ ಕೇಳ್ತಾರೆ," ಎಂದು ಬೀಗುತ್ತಾರೆ.

ಕಳೆದ ತಿಂಗಳು ದೋಣಿಯವನಿಗೇ ಕುತ್ತು ಬಂತು. ದಡದಲ್ಲಿ ಮಗಳಿಗಾಗಿ ಕಾಯುವ ಅವನ ಕತೆಯನ್ನು ಯಾರೂ ಓದುತ್ತಿಲ್ಲ, ಪರೀಕ್ಷೆಗೆ ಆಡಲು ಬರುವವರೂ ಓದದೆ ದಾಟಿ ಹೋದರೆ ತೆಗೆದುಹಾಕೋಣ ಎಂದರು ಮುಖ್ಯಸ್ಥೆ. ಅಮ್ಮ ತುಂಬ ಹಚ್ಚಿಕೊಂಡಿದ್ದೇ ಆ ಕತೆಯನ್ನು. ಅದು ಹೋದರೆ ಅಮ್ಮ ಮತ್ತೆ ಮಾತು ಬಿಟ್ಟಾರು ಎಂಬ ಭಯ ದೋಣಿಯಕ್ಕನಿಗೆ. ಸಾಲುಗಳನ್ನು ಮೊಟಕು ಮಾಡಿದರು, ನಗೆ ಬೆರೆಸಿದರು. ಯಾವುದೂ ಸರಿಹೋಗಲಿಲ್ಲ.

ಒಂದು ಬೆಳಿಗ್ಗೆ, ಹತ್ತೋದಾ ಹೋಗೋದಾ ಎಂಬ ಎಂದಿನ ಪ್ರಶ್ನೆಗೆ ಅಮ್ಮ ಎರಡನ್ನೂ ಒಪ್ಪಲಿಲ್ಲ.

"ಪಾಪ, ಕಾಯ್ತಾ ಇದಾನೆ. ಸ್ವಲ್ಪ ಹೊತ್ತು ಅವನ ಪಕ್ಕ ಕೂತ್ಕೋತೀನಿ ಕಣೆ."

ಹಾಗೆ ಕೂರುವುದಕ್ಕೆ ಆಟದಲ್ಲಿ ಅವಕಾಶವೇ ಇರಲಿಲ್ಲ. "ಹೋಗೋಕೆ ಹತ್ತು ದಾರಿ ಬರೆದಿದ್ದೆ. ಕೂರೋದು ನನಗೆ ಹೊಳೆದೇ ಇರ್ಲಿಲ್ಲ," ಎಂದು ದೋಣಿಯಕ್ಕ ಹಣೆ ಚಚ್ಚಿಕೊಳ್ಳುತ್ತಾರೆ. ಅಂದೇ 'ಪಕ್ಕದಲ್ಲಿ ಕೂರು' ಎಂಬ ಆಯ್ಕೆ ಸೇರಿತು. ಕೂತವರಿಗೆ ಮಾತ್ರ ದೋಣಿಯವನು ಬಾಯಿ ಬಿಡುತ್ತಾನೆ.

ನಿನ್ನೆ ಆ ಪರೀಕ್ಷೆ. ಆಡುವ ಕೋಣೆಯ ಗಾಜಿನ ಈಚೆ ನಿಂತು ನಾನೂ ನೋಡಿದೆ. ಆಟದೊಳಗೆ ಕತ್ತಿ ಝಳಪಿಸುತ್ತ ಬಂದವರು ಒಬ್ಬೊಬ್ಬರಾಗಿ ದೋಣಿಯವನ ಪಕ್ಕ ಕೂತರು. ಎಲ್ಲರೂ ಅಲ್ಲ, ಆದರೆ ಮುಖ್ಯಸ್ಥೆ ಒಪ್ಪುವಷ್ಟು ಜನ. ಒಬ್ಬ ಹುಡುಗಿಯಂತೂ ಕತೆ ಮುಗಿದ ಮೇಲೂ ಏಳಲಿಲ್ಲ. ದೋಣಿಯವನು ಉಳಿದುಕೊಂಡ. ದೋಣಿಯಕ್ಕ ಕಣ್ಣೊರೆಸಿಕೊಂಡು ಅಮ್ಮನಿಗೆ ಫೋನ್ ಮಾಡಿದರು.

ಆಟದ ಕೊನೆಗೆ ಬರುವ ಹೆಸರುಗಳಲ್ಲಿ ನಿಮ್ಮದೂ ದೊಡ್ಡದಾಗಿ ಇರಬೇಕಲ್ಲವೇ ಎಂದು ಕೇಳಿದೆ.

"ಅದನ್ನ ಯಾರು ಓದ್ತಾರೆ ಬಿಡಿ. ಎಲ್ಲೋ ಯಾರದೋ ಮನೇಲಿ ಒಂದು ಮಗು ಓಡೋದು ಬಿಟ್ಟು ಅವನ ಪಕ್ಕ ಕೂತ್ಕೊಳ್ಳುತ್ತಲ್ಲ, ಅದು ನಮ್ಮಮ್ಮ ತೋರಿಸಿದ ಜಾಗ."