ಗಂಗವ್ವನ ಸಾಕ್ಷಿಯ ನಕಲು

ಇಂಡಿಯ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಖಾನಾವಳಿ ನಡೆಸುತ್ತಿದ್ದ ಗಂಗವ್ವ ಯಾರನ್ನೂ ಹೆಸರು ಹಿಡಿದು ಕರೆದವಳಲ್ಲ. ಊಟಕ್ಕೆ ಬರುವವರಿಗೆಲ್ಲ ಅವರವರ ತಾಟಿನಿಂದಲೇ ಹೆಸರು. ದಿನಾ ಮಜ್ಜಿಗೆ ಕೇಳುವ ಬ್ಯಾಂಕಿನವರು ‘ಮಜ್ಜಗಿ ಸಾಹೇಬ್ರು’. ಉಳ್ಳಾಗಡ್ಡಿ ಇಲ್ಲದೆ ತುತ್ತು ಎತ್ತದ ಕಂಡಕ್ಟರ್ ಬರೀ ‘ಉಳ್ಳಾಗಡ್ಡಿ’. ಹೈಸ್ಕೂಲಿಗೆ ವರ್ಗವಾಗಿ ಬಂದು, ಹೆಂಡತಿ ಮಕ್ಕಳನ್ನು ವಿಜಯಪುರದಲ್ಲೇ ಬಿಟ್ಟು ಅವಳ ಕೈ ಊಟಕ್ಕೆ ಬಿದ್ದಿದ್ದ ನಾನು ‘ಎರಡ್ ರೊಟ್ಟಿ ಮಾಸ್ತರ’. ಬೇಡ ಬೇಡವೆಂದರೂ ಮೂರನೆಯದನ್ನು ತಾಟಿಗೆ ಎಸೆದೇ ಬಿಡುತ್ತಿದ್ದಳು. ಹೆಸರು ಮಾತ್ರ ಬದಲಾಗಲಿಲ್ಲ.

ಅರವತ್ತು ದಾಟಿದ ಸಣಕಲು ಹೆಂಗಸು. ಧ್ವನಿ ಮಾತ್ರ ಓಣಿಯ ಆ ತುದಿಗೂ ಕೇಳಬೇಕು. ಗಿರಾಕಿ ಕೈ ತೊಳೆದು ಕೂಡುವ ಮೊದಲೇ ‘ಇವತ್ತ ಪಲ್ಲೆ ಕೆಟ್ಟೈತ್ರಿ, ಉಪ್ಪ ಹೆಚ್ಚ ಬಿದ್ದೈತಿ, ಉಣ್ಣೂದಿದ್ರ ಉಣ್ರಿ’ ಎಂದುಬಿಡುವಳು. ಹೀಗೆ ಹೇಳಿ ವ್ಯಾಪಾರ ಮಾಡಿದವರನ್ನು ನಾನು ಬೇರೆ ಎಲ್ಲೂ ಕಂಡಿಲ್ಲ. ಹಾಗೆ ಹೇಳಬೇಡ ಎಂದು ಬುದ್ಧಿ ಹೇಳಲು ಹೋದರೆ, ‘ಖರೇ ಹೇಳಿದ್ರ ಎದಿ ಹಗರ ಇರ್ತೈತ್ರಿ ಮಾಸ್ತರ, ಹೊಟ್ಟೀದು ಬ್ಯಾರೇ ಮಾತು’ ಎನ್ನುತ್ತಿದ್ದಳು. ಅವಳ ಎದೆಯ ಮೇಲೂ ಒಂದು ಭಾರ ಕೂತಿದೆ ಎಂದು ನನಗೆ ಗೊತ್ತಾದದ್ದು ಒಂದು ಮಧ್ಯಾಹ್ನ, ಊಟದ ಗದ್ದಲ ಮುಗಿದ ಮೇಲೆ.

‘ಮಾಸ್ತರ, ನಿಮಗ ಅರ್ಜಿ ಬರಿಯಾಕ ಬರ್ತೈತಿಲ್ಲೋ?’

ಬರುತ್ತದೆ ಎಂದೆ. ಎಲ್ಲಿಗೆ ಎಂದು ಮೊದಲು ಕೇಳಬೇಕಾಗಿತ್ತು.

ಹನ್ನೆರಡು ವರ್ಷದ ಕೆಳಗಿನ ಕಥೆ. ಅವಳ ತಂಗಿ ನೀಲವ್ವನನ್ನು ನಾಲತವಾಡಕ್ಕೆ ಕೊಟ್ಟಿದ್ದರು. ನೀಲವ್ವನ ಗಂಡ ಸಂತೆಯಿಂದ ಸಂತೆಗೆ ಒಣ ಮೆಣಸಿನಕಾಯಿ ಮಾರುವವನು. ಮನಗೂಳಿಯ ಸಂತೆಯಲ್ಲಿ ಕೂಡುವ ಜಾಗಕ್ಕಾಗಿ ಇನ್ನೊಬ್ಬ ವ್ಯಾಪಾರಿಯ ಜೊತೆ ಜಗಳವಾಯಿತು. ಕೈ ಕೈ ಹತ್ತಿತು. ನೀಲವ್ವನ ಗಂಡ ಕಲ್ಲಿನ ಮೇಲೆ ಬಿದ್ದು ಕಾಲು ಮುರಿದುಕೊಂಡ. ಖಾನಾವಳಿಗೆ ಮೆಣಸಿನಕಾಯಿ ಕೊಳ್ಳಲು ಹೋಗಿದ್ದ ಗಂಗವ್ವ ಪಕ್ಕದಲ್ಲೇ ನಿಂತಿದ್ದಳು. ಪೊಲೀಸರು ಕೇಸು ಮಾಡಿ ಅವಳನ್ನೂ ಸಾಕ್ಷಿಗೆ ಹಾಕಿದರು. ಕೇಸು ಬಿದ್ದುಹೋಗಿ ಆ ವ್ಯಾಪಾರಿ ಬಿಡುಗಡೆಯಾದ. ಗಂಗವ್ವ ರೊಕ್ಕ ತಿಂದು ಸಾಕ್ಷಿ ತಿರುವಿದಳು ಎಂದು ಯಾರೋ ಊದಿದರು. ಅಕ್ಕ ತಂಗಿಯರ ಹೋಗಿ ಬರುವುದು ಅಲ್ಲಿಗೆ ನಿಂತಿತು. ಕಾಲು ಎಳೆಯುತ್ತ ಬದುಕಿದ್ದ ನೀಲವ್ವನ ಗಂಡ ಹೋದ ವರ್ಷ ತೀರಿಕೊಂಡಾಗ ಗಂಗವ್ವ ಮಾತಾಡಿಸಲು ಹೋದಳು. ಇಡೀ ಓಣಿಯ ಎದುರಿಗೆ ತಂಗಿ, ‘ರೊಕ್ಕಾ ತಿಂದಾಕಿ ನನ್ನ ಹೊಸ್ತಿಲಾ ತುಳೀಬ್ಯಾಡ’ ಎಂದಳು. ಗಂಗವ್ವ ಅದೇ ಕಾಲಲ್ಲಿ ತಿರುಗಿ ಬಂದಳು.

‘ನಾ ಯಾರ ರೊಕ್ಕಾನೂ ತಿಂದಿಲ್ರಿ. ಜಡ್ಜ್ ಸಾಹೇಬ್ರ ಮುಂದ ನಾ ಏನ್ ಹೇಳೇನಿ ಅದನ್ನ ಅಲ್ಲೇ ಬರಕೊಂಡಾರ. ಆ ಕಾಗದ ತಗಿಸಿ ಕೊಡ್ರಿ. ನನ್ನ ತಂಗೀಗೆ ತೋರಸ್ತೇನಿ.’

ಒಂದು ಕಾಗದ ತಾನೇ ಎಂದುಕೊಂಡೆ. ಇಂಡಿಯ ಕೋರ್ಟು ಶಾಲೆಯಿಂದ ದೂರವೇನಿಲ್ಲ, ಮರುದಿನವೇ ಹೋಗಿ ವಿಚಾರಿಸಿದೆ. ಅಲ್ಲಿದ್ದ ಗುಮಾಸ್ತರು ಒಳ್ಳೆಯವರು. ‘ಜಗಳ ಯಾವ ಠಾಣೆ ಹದ್ದಿನಾಗ ಆಗೈತಿ ನೋಡ್ರಿ ಸರ್. ಆ ಠಾಣೆ ಯಾವ ಕೋರ್ಟಿಗೆ ಬರ್ತೈತೋ ಅಲ್ಲೇ ಕೇಸು, ಅಲ್ಲೇ ಕಡತ. ಸಾಕ್ಷಿದಾರರ ಊರು ನೋಡಿ ಕೇಸು ನಡಿಯೂದಿಲ್ಲ’ ಎಂದರು. ಮನಗೂಳಿ ಎಂದರೆ ಬಸವನ ಬಾಗೇವಾಡಿಯ ಕೋರ್ಟು. ಇಷ್ಟು ತಿಳಿದ ಮೇಲೆ ನಾನು ನನ್ನ ಬುದ್ಧಿಯಂತೆ ನಡೆಯಬೇಕಿತ್ತು. ಗಂಗವ್ವನನ್ನು ಕೇಳಿದೆ.

‘ಬಾಗೇವಾಡಿ ಅಲ್ರಿ, ಮುದ್ದೇಬಿಹಾಳ. ನನ್ನ ಕಣ್ಣಾಗ ಕಟ್ಟಿದಂಗೈತಿ. ಹಿಂದಿನ ದಿನಾ ತಂಗಿ ಮನ್ಯಾಗ ವಸ್ತಿ ಇದ್ದು, ಮುಂಜಾನೆ ಎಲ್ಲಾರೂ ಕೂಡೇ ಹೋಗಿದ್ವಿ.’

ಕಣ್ಣಲ್ಲಿ ಕಟ್ಟಿದ್ದನ್ನು ಬಿಚ್ಚುವವರು ಯಾರು? ಒಂದು ರಜೆ ಹಾಕಿ, ಸಿಂದಗಿಯಲ್ಲಿ ಬಸ್ಸು ಬದಲಿಸಿ, ಮುದ್ದೇಬಿಹಾಳಕ್ಕೆ ಹೋದೆ. ಅಲ್ಲಿಯೂ ಯಾರೂ ಸಿಡುಕಲಿಲ್ಲ. ಇಂಡಿಯವರು ಹೇಳಿದ್ದನ್ನೇ ಇನ್ನೊಮ್ಮೆ ಹೇಳಿ ಚಹ ಕುಡಿಸಿ ಕಳಿಸಿದರು. ಯಾರಾದರೂ ಒಬ್ಬರು ಬೈದಿದ್ದರೆ ನನಗೂ ತಿರುಗಿ ಬೈಯಲು ಜಾಗ ಸಿಗುತ್ತಿತ್ತು. ಬಂದು ಹೇಳಿದರೆ ಗಂಗವ್ವ, ‘ಹೌದ್ನೋಡ್ರಿ, ನಾಲತವಾಡದಿಂದ ಹೊಂಟು ಮುದ್ದೇಬಿಹಾಳದಾಗ ಬಸ್ಸು ಬದಲಿ ಮಾಡಿದ್ವಿ’ ಎಂದು ರೊಟ್ಟಿ ಬಡಿಯುತ್ತಲೇ ಒಪ್ಪಿಕೊಂಡಳು. ಅವತ್ತು ನಾನು ಊಟ ಮಾಡದೆ ಎದ್ದುಬಂದೆ. ರಾತ್ರಿ ಹಸಿವಾಗಿ ನಾಚಿಕೆ ಬಿಟ್ಟು ಮತ್ತೆ ಹೋದೆ.

ಕೋರ್ಟು ಗೊತ್ತಾದರೆ ಸಾಲದು, ಕೇಸಿನ ನಂಬರ್ ಬೇಕು. ನಂಬರ್ ಗೊತ್ತಿಲ್ಲದವರು ಕೋರ್ಟಿನ ಜಾಲತಾಣದಲ್ಲಿ ಪಕ್ಷಗಾರರ ಹೆಸರು ಮತ್ತು ವರ್ಷ ಹಾಕಿ ಹುಡುಕಬಹುದು. ಸಾಕ್ಷಿದಾರರ ಹೆಸರು ಹಾಕಿದರೆ ಏನೂ ಬರುವುದಿಲ್ಲ. ಪೆಟ್ಟು ತಿಂದವನ ಹೆಸರಿಗೂ ಬರುವುದಿಲ್ಲ, ಯಾಕೆಂದರೆ ಪೊಲೀಸ್ ಕೇಸಿನಲ್ಲಿ ಒಂದು ಕಡೆ ಸರ್ಕಾರ, ಇನ್ನೊಂದು ಕಡೆ ಆರೋಪಿ. ಹಾಗಾಗಿ ಆರೋಪಿಯ ಹೆಸರು ಬೇಕು. ಇದನ್ನೆಲ್ಲ ಮೊಬೈಲಿನಲ್ಲಿ ಓದಿಕೊಂಡು, ಜಾಣನ ಹಾಗೆ ಅವಳ ಒಲೆಯ ಮುಂದೆ ಕೂತೆ.

‘ಆ ಯಾಪಾರಿ ಹೆಸರೇನು ಯವ್ವಾ?’

‘ಆ ಬಾಡ್ಯಾನಽ?’

‘ಹೂಂ. ಅವನ ಅವ್ವ ಅಪ್ಪ ಇಟ್ಟ ಹೆಸರು.’

‘ಕುಳ್ಳಗ ಅದಾನ್ರಿ. ಮೀಸಿ ಬಿಟ್ಟಾನ.’

‘ಹೆಸರು?’

‘ಸಂತ್ಯಾಗ ಯಾರನ್ನ ಕೇಳಿದ್ರೂ ತೋರಸ್ತಾರ.’

ಒಂದು ವಾರ ಹೀಗೇ ನಡೆಯಿತು. ಬೇರೆಯವರನ್ನು ಕೇಳೋಣವೆಂದರೆ, ನನಗೆ ತಿಳಿದಮಟ್ಟಿಗೆ ಹೆಸರು ಗೊತ್ತಿದ್ದವರೆಲ್ಲ ತಂಗಿಯ ಕಡೆಯವರು. ನನ್ನ ತಲೆ ಕೆಟ್ಟುಹೋಯಿತು. ನಿನಗೆ ಆ ಕಾಗದ ಬೇಕೋ ಬೇಡವೋ ಎಂದು ಗಿರಾಕಿಗಳ ಎದುರಿಗೇ ರೇಗಿದೆ. ಆಗ, ಆ ಕೇಸಿನ ಕಾಲದಿಂದಲೂ ಅಲ್ಲಿ ಪಾತ್ರೆ ತಿಕ್ಕುತ್ತಿದ್ದ ಮಲ್ಲಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತ ಹೊರಗೆ ಬಂದಳು. ‘ಅವ್ವಾರ ಮನೀಯವರ ಹೆಸರೂ ಅದ ಐತ್ರೀ ಸರ್. ಅವರ ಬಾಯಿಲೆ ಹೆಂಗ ಹೇಳ್ತಾರ? ವೀರಭದ್ರಪ್ಪ ಅಂತ ಬರಕೋರಿ.’

ಗಂಡ ಸತ್ತು ಇಪ್ಪತ್ತು ವರ್ಷವಾಗಿದೆ ಎಂದು ಗಂಗವ್ವನೇ ನನಗೆ ಹೇಳಿದ್ದಳು. ಅದನ್ನೇ ಎತ್ತಿ ಆಡಿದೆ.

‘ಸತ್ತ್ರ ಗಂಡ ಅಲ್ಲೇನ್ರಿ?’ ಎಂದಳು.

ವೀರಭದ್ರಪ್ಪ ಎಂದು ಹಾಕಿದ ಕೂಡಲೇ ಕೇಸು ಸಿಕ್ಕಿತು ಎಂದು ಬರೆಯುವ ಆಸೆ ನನಗೂ ಇದೆ. ನಮ್ಮ ಕಡೆ ವೀರಭದ್ರಪ್ಪರಿಗೇನು ಬರವೇ? ಒಬ್ಬೊಬ್ಬನನ್ನೇ ತೆರೆದು, ಠಾಣೆಯ ಹೆಸರು ನೋಡಿ ಬಿಡುತ್ತ ಬಿಡುತ್ತ, ಕೊನೆಗೆ ಮನಗೂಳಿಯವನು ಸಿಕ್ಕಿದ. ನಂಬರ್ ಬರೆದುಕೊಂಡು ಗಂಗವ್ವನನ್ನೂ ಕರೆದುಕೊಂಡು ಬಾಗೇವಾಡಿಗೆ ಹೋದೆ.

ನಕಲು ವಿಭಾಗದಲ್ಲಿ ಹೊಸದೊಂದು ತೊಡಕು. ಪಕ್ಷಗಾರರಾದರೆ ಅರ್ಜಿ ಕೊಟ್ಟು ನಕಲು ಪಡೆಯಬಹುದು. ಗಂಗವ್ವ ಪಕ್ಷಗಾರಳಲ್ಲ, ಸಾಕ್ಷಿ. ಹೊರಗಿನವರು ಯಾಕೆ ಬೇಕೆಂದು ಕಾರಣ ಬರೆದು, ಪ್ರಮಾಣಪತ್ರ ಮಾಡಿಸಿ, ನ್ಯಾಯಾಧೀಶರ ಅಪ್ಪಣೆ ಪಡೆಯಬೇಕು.

‘ನಾ ಹೊರಗಿನಾಕಿ?’ ಗಂಗವ್ವನ ಧ್ವನಿ ಕೋರ್ಟಿನ ಅಂಗಳ ದಾಟಿತು. ‘ಮಾತು ನಂದು, ಬಾಯಿ ನಂದು. ನನ್ನ ಮಾತು ನನಗ ಕೊಡಾಕ ಯಾರ ಅಪ್ಪಣಿ ಬೇಕ್ರಿ ಯಪ್ಪಾ?’

‘ಕಾಯಿದೆ ಹಂಗೈತಿ, ಅವ್ವಾ’ ಎಂದರು ಅಲ್ಲಿನ ಗುಮಾಸ್ತರು. ಅವರಾದರೂ ಏನು ಮಾಡಿಯಾರು?

ಅರ್ಜಿ ಸಿದ್ಧಮಾಡಿದ ವಕೀಲರು ಕಾರಣದ ಜಾಗದಲ್ಲಿ ‘ಕಾನೂನು ಸಲಹೆ ಪಡೆಯುವ ಸಲುವಾಗಿ’ ಎಂದು ಬರೆಯೋಣ ಎಂದರು. ಗಂಗವ್ವ ಹೆಬ್ಬೆಟ್ಟು ಒತ್ತಲಿಲ್ಲ. ‘ನಾ ಯಾವ ಸಲಹಾನೂ ಕೇಳಾಕ ಬಂದಿಲ್ಲ. ತಂಗೀಗೆ ತೋರಸಾಕ ಅಂತ ಬರೀರಿ.’ ಅಂಥ ಕಾರಣಕ್ಕೆ ಅಪ್ಪಣೆ ಸಿಗುವುದಿಲ್ಲ ಎಂದು ವಕೀಲರು ಹೇಳಿದರು, ನಾನೂ ಹೇಳಿದೆ. ಬಸ್ಸಿನ ಹೊತ್ತಾಗುತ್ತಿದೆ, ಹಟ ಬಿಡು ಎಂದು ಬೇಡಿಕೊಂಡೆ. ಅವಳು ಬೇವಿನ ಗಿಡದ ಬುಡದಲ್ಲಿ ಕೂತೇಬಿಟ್ಟಳು. ಕೊನೆಗೆ ಅವಳು ಹೇಳಿದಂತೆಯೇ ಬರೆದರು. ನ್ಯಾಯಾಧೀಶರು ಓದಿ, ಒಮ್ಮೆ ತಲೆ ಎತ್ತಿ ಅವಳನ್ನು ನೋಡಿ, ಅಪ್ಪಣೆ ಕೊಟ್ಟರು. ಹಳೆಯ ಕಡತ ದಾಖಲೆ ಕೋಣೆಯಿಂದ ಬರಬೇಕಿತ್ತು. ಕಾದೆವು. ನಕಲು ತರಲು ಮತ್ತೆ ನಾನೇ ಹೋದೆ.

ಬಾಗೇವಾಡಿಯ ಬಸ್‌ಸ್ಟ್ಯಾಂಡಿನಲ್ಲಿ ಕೂತು ಓದಿದೆ. ಓದುತ್ತ ಓದುತ್ತ ಸಿಟ್ಟು ನೆತ್ತಿಗೇರಿತು. ‘ಮೊದಲು ತಕ್ಕಡಿಯ ಕೋಲು ಎತ್ತಿದವನು ಗಾಯಾಳುವೇ ಎಂದರೆ ಸರಿ. ಆರೋಪಿಯು ಕೋಲು ತಪ್ಪಿಸಿಕೊಳ್ಳಲು ತಳ್ಳಿದಾಗ ಗಾಯಾಳು ಕಲ್ಲಿನ ಮೇಲೆ ಬಿದ್ದನು ಎಂದರೆ ಸರಿ.’ ತಂಗಿಯ ಗಂಡನದೇ ತಪ್ಪೆಂದು ಇವಳೇ ಹೇಳಿದ್ದಳು. ಪೊಲೀಸರ ಹೇಳಿಕೆಗೆ ಇವಳ ಮಾತು ಹೊಂದದೆ ಸರ್ಕಾರಿ ವಕೀಲರೇ ಇವಳನ್ನು ತಿರುಗಿಬಿದ್ದ ಸಾಕ್ಷಿ ಎಂದು ಪಾಟೀಸವಾಲಿಗೆ ಎಳೆದಿದ್ದರು. ಇಷ್ಟು ದಿನ ನಾನು ಅಲೆದು ತಂದದ್ದು ಅಕ್ಕ ತಂಗಿಯರನ್ನು ಕೂಡಿಸುವ ಕಾಗದವಲ್ಲ, ಕೊನೆಯ ಎಳೆಯನ್ನೂ ಹರಿಯುವ ಕಾಗದ.

ಅವಳ ಮುಂದೆ ಅಕ್ಷರ ಬಿಡದೆ ಓದಿದೆ. ಕೊನೆಯ ಸಾಲು: ‘ಆರೋಪಿಯಿಂದ ಹಣ ಪಡೆದು ಸುಳ್ಳು ಹೇಳುತ್ತಿದ್ದೇನೆ ಎಂದರೆ ಸರಿಯಲ್ಲ.’

‘ಅದನ್ನ ಇನ್ನೊಮ್ಮೆ ಓದ್ರಿ’ ಎಂದಳು. ಓದಿದೆ.

‘ಯವ್ವಾ, ಇದನ್ನ ತೋರಿಸಿದ್ರ ನಿನ್ನ ತಂಗಿ ಸತ್ತ್ರೂ ನಿನ್ನ ಮಾರಿ ನೋಡೂದಿಲ್ಲ. ಇದು ಮೊದಲ ನಿನಗ ಗೊತ್ತಿದ್ದಿಲ್ಲೇನು?’

‘ಗೊತ್ತಿಲ್ದ ಏನ್ರಿ? ನನ್ನ ಕಣ್ಣೀಲೆ ನೋಡೇನಿ, ನನ್ನ ಬಾಯಿಲೆ ಹೇಳೇನಿ. ಒಳಗ ಹೇಳಿ ಹೊರಗ ಬಂದ್ರ ಆಕಿ ಗಂಡನ ಕಾಲ ಒತ್ತಕೋತ ಕೂತಿದ್ಲು. ಆಕಿ ಹೊರಗ ಇದ್ಲು, ಒಳಗ ನಾ ಏನ್ ಹೇಳೇನಿ ಆಕಿಗೆ ಗೊತ್ತಿಲ್ಲ. ಆಗ ನಾ ಏನಂತ ಬಾಯಿ ತಗೀಲಿ?’ ಸೆರಗಿನಿಂದ ಮೂಗು ಒರೆಸಿಕೊಂಡಳು. ‘ಸಿಟ್ಟಾಗಲಿ ಮಾಸ್ತರ. ಮಾಡಿದ್ದಕ್ಕ ಸಿಟ್ಟಾಗಲಿ. ಮಾಡಲಾರದ್ದಕ್ಕ ಬ್ಯಾಡ.’

ನನಗೆ ಆಗ ಅವಳ ಮೇಲೆ ತಡೆಯಲಾರದಷ್ಟು ಸಿಟ್ಟೂ ಬಂತು, ಅಷ್ಟೇ ಅಕ್ಕರೆಯೂ ಉಕ್ಕಿತು. ಮರುದಿನ ಬೆಳಗಿನ ಬಸ್ಸಿಗೆ ಅವಳನ್ನು ಹತ್ತಿಸಿದೆ. ಕೈಚೀಲದಲ್ಲಿ ಕಾಗದ, ಮೇಲೆ ತಂಗಿಗೆಂದು ಶೇಂಗಾ ಹೋಳಿಗೆ. ಅದೇ ಕೊನೆ, ಗಂಗವ್ವನನ್ನು ನಾನು ಮತ್ತೆ ನೋಡಲಿಲ್ಲ.

ಎರಡು ದಿನಕ್ಕೆ ಬರುತ್ತೇನೆಂದವಳು ಎರಡು ವಾರವಾದರೂ ಬರಲಿಲ್ಲ. ಖಾನಾವಳಿಗೆ ಬೀಗ. ಮಜ್ಜಗಿ ಸಾಹೇಬ್ರು ದಾರಿಯಲ್ಲಿ ಸಿಕ್ಕಾಗಲೆಲ್ಲ ನಾನೇ ಅವಳನ್ನು ಓಡಿಸಿದವನೆಂಬಂತೆ ನೋಡುತ್ತಿದ್ದರು. ಅವಳ ಮೊಬೈಲಿಗೆ ಫೋನು ಮಾಡಿದರೆ ಎತ್ತಿದವಳು ನೀಲವ್ವ.

‘ಅಕ್ಕ ಇನ್ನ ಅಲ್ಲಿಗೆ ಬರೂದಿಲ್ರಿ. ವಯಸ್ಸಾತು, ಒಲಿ ಮುಂದ ಎಷ್ಟ ದಿನಾ ಕೂಡ್ತಾಳ? ಇಲ್ಲೇ ಇರ್ಲಿ. ದಿನಾ ಜಗಳಾಡ್ತೀವಿ, ಆಡ್ಲಿ.’

ನನಗೆ ನಂಬಿಕೆ ಬರಲಿಲ್ಲ. ‘ಕಾಗದ ಓದಿಸಿ ಕೇಳಿದ್ರೇನ್ರಿ?’

‘ಎಂಥಾ ಕಾಗದ್ರಿ?’

ಅವಳೇ ಮುಂದುವರಿಸಿದಳು. ‘ಬಂದಾಕೀನೇ ಹೊಸ್ತಿಲ ಹೊರಗ ನಿಂತು, ನಿನ್ನ ಗಂಡನೇ ಮೊದಲ ಕೋಲ ಎತ್ತಿದ, ನಾ ಅದನ್ನ ಕೋರ್ಟಿನಾಗ ಹೇಳೇನಿ ಅಂದ್ಲು. ನನಗ ಗೊತ್ತಿತ್ತಲ್ರಿ. ನಮ್ಮನೀಯವರು ಸಾಯೂ ಮುಂದ ತಾವ ಹೇಳಿದ್ರು, ತಪ್ಪು ನಂದು, ನಿಮ್ಮಕ್ಕ ಖರೇ ಹೇಳ್ಯಾಳ ಅಂತ. ಆದ್ರ ಆಕಿ ಬಾಯಿಂದ ಕೇಳಬೇಕಾಗಿತ್ತು ನನಗ. ಅದಕ್ಕ ಮಣ್ಣಿನ ದಿನಾ ರೊಕ್ಕಾ ತಿಂದಾಕಿ ಅಂದೆ. ಹಂಗ ಅಂದ್ರಾದ್ರೂ ಒಂದ ಮಾತ ಬಾಯಿ ಬಿಡ್ತಾಳೇನೋ ಅಂತ. ಬಿಡಲಿಲ್ರಿ. ಸುಮ್ಮ ತಿರುಗಿ ಹೋದ್ಲು. ಇಷ್ಟ ದಿನಾ ಎಲ್ಲಿ ಹೋಗಿದ್ಲೋ ಏನೋ.’

ಎಲ್ಲಿ ಹೋಗಿದ್ದಳೆಂದು ನನಗೆ ಗೊತ್ತಿತ್ತು. ಕಾಗದದ ಮಾತು ಎತ್ತದೆ ಫೋನು ಇಟ್ಟೆ.